ನಮ್ಮ ಬೀದಿಯಲ್ಲಿ ಯಾರಿಗೂ 1.7 ಮಕ್ಕಳಿಲ್ಲವಲ್ಲ?

ಪ್ರಶ್ನೆ: ನಾನು ಅರಸೀಕೆರೆ ಕಡೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎಂಬ ಸುದ್ದಿಯನ್ನು ಹಬ್ಬದ ದಿನ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ನಮ್ಮಣ್ಣ ‘ಸುಳ್ಳು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ’ ಎಂದರು. ಭಾವಮೈದ ‘ನಾವು ಕಡಿಮೆ ಮಾಡಿಕೊಂಡೆವು, ಅವರು ಮಾಡಿಕೊಳ್ಳಲಿಲ್ಲ’ ಎಂದ. ಮಗ ‘ಹೀಗೇ ಆದರೆ ನಮ್ಮ ಎಂ.ಪಿ. ಸೀಟುಗಳೂ ಹೋಗುತ್ತವೆ’ ಎಂದ. ಒಬ್ಬಳೇ ಮಗಳಿರುವ ನನ್ನ ಸೊಸೆ ಏನೂ ಹೇಳದೆ ಎಲೆ ಬಿಟ್ಟು ಎದ್ದು ಒಳಗೆ ಹೋದಳು. ಒಂದು ಅಂಕಿಗೆ ಇಷ್ಟು ಬಗೆಯ ಪ್ರತಿಕ್ರಿಯೆ ಏಕೆ? ಆ ಅಂಕಿ ನಿಜವೇ? ನಿಜವಾದರೆ ಅದರ ಅರ್ಥವೇನು?

ಉತ್ತರ: ಮಾನ್ಯರೇ, ಜನಸಂಖ್ಯಾ ಅಧ್ಯಯನದಲ್ಲಿ ಮೂವತ್ತು ವರ್ಷ ಕಳೆದ ನನಗೆ ನಿಮ್ಮ ಮನೆಯ ಪಂಕ್ತಿಯಲ್ಲಿ ನಡೆದ ಮಾತುಕತೆ ಹೊಸದೆನಿಸಲಿಲ್ಲ. ಹೆರಿಗೆಯ ಸರಾಸರಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಈ ನಾಲ್ಕು ಪ್ರತಿಕ್ರಿಯೆಗಳು, ಬಹುಮಟ್ಟಿಗೆ ಇದೇ ಮಾತುಗಳಲ್ಲಿ, ನನ್ನ ಕಿವಿಗೆ ಬಿದ್ದಿವೆ. ಆ ಅಂಕಿ ಯಾವುದೋ ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರವಾಗಿ ಹುಟ್ಟಿರುತ್ತದೆ. ಕೇಳುವವರು ಮಾತ್ರ ಅದನ್ನು ತಮ್ಮ ಮನಸ್ಸಿನಲ್ಲಿ ಮೊದಲೇ ಕುಳಿತಿದ್ದ ಪ್ರಶ್ನೆಗೆ ಉತ್ತರವೆಂದು ತೆಗೆದುಕೊಳ್ಳುತ್ತಾರೆ. ನಿಮ್ಮ ಅಣ್ಣನವರ ಮನಸ್ಸಿನಲ್ಲಿದ್ದುದು ಜನಸಂದಣಿ, ಭಾವಮೈದನವರದು ಪಕ್ಕದವರ ಮೇಲಿನ ಅನುಮಾನ, ಮಗನದು ರಾಜ್ಯದ ಪಾಲು. ಸೊಸೆಯವರ ಮನಸ್ಸಿನಲ್ಲಿದ್ದುದನ್ನು ಊಹಿಸುವ ಅಧಿಕಾರ ನನಗಿಲ್ಲ, ಆದರೂ ಆ ಮೌನದ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಬೇಕಾಗುತ್ತದೆ.

ಅಂಕಿ ನಿಜ. ಅದು 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನದು. ಆ ಸುತ್ತಿನಲ್ಲಿ ಇಡೀ ದೇಶದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ, 2.0, ಕರ್ನಾಟಕದ್ದು 1.7. ಸಮೀಕ್ಷೆಯ ಮೊದಲ ಸುತ್ತು ನಡೆದ 1992–93ರಲ್ಲಿ ದೇಶದ ದರ 3.4, ನಮ್ಮ ರಾಜ್ಯದ್ದು 2.9ರ ಆಸುಪಾಸಿನಲ್ಲಿತ್ತು. 2005–06ರ ಹೊತ್ತಿಗೇ ಕರ್ನಾಟಕ, ತಂದೆತಾಯಿಯರ ಜಾಗ ತುಂಬಲು ಬೇಕಾದಷ್ಟು ಎನ್ನುವ 2.1ಕ್ಕೆ ಇಳಿದಿತ್ತು. ಅಂದರೆ ನೀವು ಓದಿದ ಸುದ್ದಿಯ ಮೂಲ ಘಟನೆ ನಡೆದು ಎರಡು ದಶಕಗಳಾಗಿವೆ. ತಲೆಬರಹದಲ್ಲಿ ‘ಕುಸಿತ’ ಎಂಬ ಪದ ಕಂಡು ನಿನ್ನೆ ಮೊನ್ನೆ ಏನೋ ಆಗಿಹೋಯಿತೆಂದು ಗಾಬರಿಯಾಗಬೇಕಾಗಿಲ್ಲ. ಪ್ರತಿವರ್ಷ ಬೇರೆಯೇ ವಿಧಾನದಲ್ಲಿ ಲೆಕ್ಕ ಹಾಕುವ ಮಾದರಿ ನೋಂದಣಿ ವ್ಯವಸ್ಥೆಯೂ ಇದೇ ಕತೆಯನ್ನು ಹೇಳುತ್ತದೆ. ಅದರ 2023ರ ವರದಿಯಲ್ಲಿ ದೇಶದ ದರ 1.9.

ಇನ್ನು ‘ಒಬ್ಬ ಮಹಿಳೆಗೆ 1.7 ಮಕ್ಕಳು’ ಎಂದರೇನು? ನೀವು ತೆಂಗಿನ ಸೀಮೆಯವರಾದ್ದರಿಂದ ತೋಟದ ಉದಾಹರಣೆಯನ್ನೇ ಕೊಡುತ್ತೇನೆ. ನಿಮ್ಮ ತೋಟದಲ್ಲಿ ಹತ್ತು ವರ್ಷದ ಗಿಡದಿಂದ ಹಿಡಿದು ಅರವತ್ತು ವರ್ಷದ ಮರದವರೆಗೆ ಎಲ್ಲ ವಯಸ್ಸಿನ ಮರಗಳಿವೆ ಎಂದುಕೊಳ್ಳಿ. ಒಂದು ತೆಂಗಿನ ಮರ ಜೀವಮಾನದಲ್ಲಿ ಎಷ್ಟು ಕಾಯಿ ಬಿಡುತ್ತದೆಂದು ತಿಳಿಯಲು ಐವತ್ತು ವರ್ಷ ಕಾಯುವ ತಾಳ್ಮೆ ನಿಮಗಿಲ್ಲ. ಆಗ ನೀವು ಈ ವರ್ಷ ಹತ್ತು ವರ್ಷದ ಮರ ಬಿಟ್ಟ ಕಾಯಿ, ಹನ್ನೊಂದು ವರ್ಷದ್ದು ಬಿಟ್ಟ ಕಾಯಿ, ಹನ್ನೆರಡರದ್ದು, ಹೀಗೆ ಅರವತ್ತರವರೆಗೂ ಕೂಡಿಸುತ್ತೀರಿ. ಬಂದ ಮೊತ್ತವೇ ‘ಒಂದು ಮರದ ಜೀವಮಾನದ ಫಸಲು’. ಅಂಥ ಮರ ತೋಟದಲ್ಲಿ ಎಲ್ಲಿಯೂ ನಿಂತಿಲ್ಲ, ಅದು ಕಾಗದದ ಮೇಲಿನ ಮರ. ಫಲವತ್ತತೆ ದರವೂ ಹೀಗೆಯೇ: 15ರಿಂದ 49ರವರೆಗಿನ ಪ್ರತಿ ವಯೋಗುಂಪಿನ ಮಹಿಳೆಯರಲ್ಲಿ ಇತ್ತೀಚಿನ ಒಂದು ಅವಧಿಯಲ್ಲಿ, ಈ ಸಮೀಕ್ಷೆಯಲ್ಲಾದರೆ ಹಿಂದಿನ ಮೂರು ವರ್ಷಗಳಲ್ಲಿ, ಆದ ಹೆರಿಗೆಗಳ ಪ್ರಮಾಣವನ್ನು ಕೂಡಿಸಿದಾಗ ಬರುವ ಮೊತ್ತ. ಮಳೆ ಕೈಕೊಟ್ಟ ವರ್ಷದಲ್ಲಿ ನೀವು ತೋಟದ ಲೆಕ್ಕ ಹಾಕಿದರೆ ‘ಜೀವಮಾನದ ಫಸಲು’ ಬಹಳ ಕಡಿಮೆ ಕಾಣಿಸುತ್ತದೆ, ಮರಗಳು ಮಾತ್ರ ಮುಂದೆ ಚೇತರಿಸಿಕೊಳ್ಳುತ್ತವೆ. ಹಾಗೆಯೇ ಒಂದು ತಲೆಮಾರಿನ ಹೆಣ್ಣುಮಕ್ಕಳು ಓದು, ಉದ್ಯೋಗ ಎಂದು ಮದುವೆಯನ್ನೂ ಮೊದಲ ಹೆರಿಗೆಯನ್ನೂ ಮೂರ್ನಾಲ್ಕು ವರ್ಷ ಮುಂದೂಡಿದರೆ, ಅವರು ಕೊನೆಗೆ ಹೆರುವ ಮಕ್ಕಳ ಸಂಖ್ಯೆ ಬದಲಾಗದೇ ಇದ್ದರೂ, ಆ ಅವಧಿಯ ದರ ತಗ್ಗಿಯೇ ತಗ್ಗುತ್ತದೆ. (ಹೆಣ್ಣುಮಕ್ಕಳನ್ನು ಮರಕ್ಕೆ ಹೋಲಿಸಿದ್ದು ಲೆಕ್ಕದ ಅನುಕೂಲಕ್ಕೆ ಮಾತ್ರ. ಇಂಥದೇ ಹೋಲಿಕೆ ಒಬ್ಬ ಮಂತ್ರಿಗೆ ಹೇಗೆ ಮುಳುವಾಯಿತೆಂಬುದನ್ನು ಮುಂದೆ ಹೇಳುತ್ತೇನೆ.)

‘ನಮ್ಮ ಬೀದಿಯಲ್ಲಿ ಯಾರಿಗೂ 1.7 ಮಕ್ಕಳಿಲ್ಲ, ಮುಕ್ಕಾಲು ಮಗು ಎಲ್ಲಿರುತ್ತದೆ’ ಎಂಬ ಹಾಸ್ಯವನ್ನು ನಾನು ಪ್ರತಿಯೊಂದು ಉಪನ್ಯಾಸದಲ್ಲೂ ಕೇಳಿದ್ದೇನೆ. ಹಾಸ್ಯವನ್ನು ಪಕ್ಕಕ್ಕಿಟ್ಟು ಬೀದಿಯನ್ನೇ ತೆಗೆದುಕೊಳ್ಳೋಣ. ಹತ್ತು ಮನೆ, ಹತ್ತು ತಾಯಂದಿರ ವಯಸ್ಸಿನ ಮಹಿಳೆಯರು. ಒಬ್ಬರಿಗೆ ಮಕ್ಕಳಿಲ್ಲ, ಮೂವರಿಗೆ ಒಂದೊಂದು, ನಾಲ್ವರಿಗೆ ಎರಡೆರಡು, ಇಬ್ಬರಿಗೆ ಮೂರು ಮೂರು. ಒಟ್ಟು ಹದಿನೇಳು ಮಕ್ಕಳು, ಸರಾಸರಿ 1.7. ಈ ಬೀದಿಯಲ್ಲಿ ನಡೆದು ಹೋದರೆ ನಿಮಗೆ ಅಸಹಜವಾದದ್ದೇನೂ ಕಾಣುವುದಿಲ್ಲ. ಈಗ ಅದೇ ಬೀದಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ನಿಮ್ಮಮ್ಮನಿಗೆ ನೀವು ಎಷ್ಟು ಮಕ್ಕಳು’ ಎಂದು ಕೇಳಿ. ಮೂವರು ‘ಒಬ್ಬನೇ’, ‘ಒಬ್ಬಳೇ’ ಎನ್ನುತ್ತಾರೆ, ಎಂಟು ಜನ ‘ಇಬ್ಬರು’ ಎನ್ನುತ್ತಾರೆ, ಆರು ಜನ ‘ಮೂವರು’ ಎನ್ನುತ್ತಾರೆ. ಅವರ ಉತ್ತರಗಳ ಸರಾಸರಿ ಸುಮಾರು 2.2. ಬೀದಿ ಅದೇ, ಮನೆಗಳೂ ಅವೇ. ಆದರೆ ಮಕ್ಕಳ ಕಡೆಯಿಂದ ಎಣಿಸಿದಾಗ ದೊಡ್ಡ ಕುಟುಂಬಗಳು ತಮ್ಮ ಮಕ್ಕಳಷ್ಟು ಸಲ ಕೈ ಎತ್ತುತ್ತವೆ, ಮಕ್ಕಳಿಲ್ಲದ ಮನೆಯ ಪರವಾಗಿ ಕೈ ಎತ್ತಲು ಯಾರೂ ಇರುವುದಿಲ್ಲ. ನೀವು ಮೂವತ್ತು ವರ್ಷ ತರಗತಿಯಲ್ಲಿ ನೋಡಿದ್ದು ಈ ಎರಡನೆಯ ಲೆಕ್ಕವನ್ನು. ಶಿಕ್ಷಕರು, ಮಕ್ಕಳ ವೈದ್ಯರು, ಅಂಗನವಾಡಿಯವರು ಸರ್ಕಾರದ ಸರಾಸರಿಯನ್ನು ಸುಲಭವಾಗಿ ನಂಬದಿರುವುದಕ್ಕೆ ಇದೊಂದು ಒಳ್ಳೆಯ ಕಾರಣ, ಅವರ ಅನುಭವ ಸುಳ್ಳೂ ಅಲ್ಲ.

ಅಪನಂಬಿಕೆಯ ಇನ್ನೊಂದು ರೂಪ ‘ನಮ್ಮ ಮನೆಗಂತೂ ಯಾರೂ ಕೇಳಲು ಬಂದಿಲ್ಲ’ ಎಂಬುದು. ಐದನೇ ಸುತ್ತಿನಲ್ಲಿ ದೇಶದಾದ್ಯಂತ ಸುಮಾರು 6.37 ಲಕ್ಷ ಮನೆಗಳನ್ನು ಭೇಟಿ ಮಾಡಿ, 7.24 ಲಕ್ಷ ಮಹಿಳೆಯರನ್ನು ಮಾತನಾಡಿಸಲಾಯಿತು. ಕೋಟಿಗಟ್ಟಲೆ ಮನೆಗಳಿರುವ ದೇಶದಲ್ಲಿ ನಿಮ್ಮ ಬಾಗಿಲು ಬಡಿಯದಿರುವ ಸಾಧ್ಯತೆಯೇ ಹೆಚ್ಚು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಅಡಿಗೆ ಬಲ್ಲವರು ಆ ಅಗುಳನ್ನು ಮೇಲಿನಿಂದಷ್ಟೇ ತೆಗೆಯದೆ ಸೌಟು ಹಾಕಿ ತಳದಿಂದಲೂ ತೆಗೆದು ಹಿಚುಕುತ್ತಾರೆ ಎಂಬುದನ್ನು ಸೇರಿಸಿಕೊಂಡರೆ ಮಾದರಿ ಸಮೀಕ್ಷೆಯ ತತ್ವ ಪೂರ್ತಿಯಾಯಿತು.

ಕೇಳುವ ಬಗೆಯೂ ನೀವು ಅಂದುಕೊಂಡಷ್ಟು ಸಡಿಲವಾದದ್ದಲ್ಲ. ಹಲವು ವರ್ಷಗಳ ಹಿಂದೆ ಯಾದಗಿರಿ ಕಡೆಯ ಒಂದು ಹಳ್ಳಿಯಲ್ಲಿ, ಪ್ರಶ್ನಾವಳಿ ಹಿಡಿದ ತರುಣಿಯೊಬ್ಬಳ ಪಕ್ಕದಲ್ಲಿ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಮನೆಯಾಕೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ‘ಎಷ್ಟು ಮಕ್ಕಳು ಅಕ್ಕಾ?’ ಎಂದರೆ ‘ಮೂರು ರೀ’ ಎಂಬ ಉತ್ತರ ಥಟ್ಟನೆ ಬಂತು. ಪ್ರಶ್ನಾವಳಿ ಅಲ್ಲಿಗೆ ನಿಲ್ಲುವುದಿಲ್ಲ. ಮನೆಯಲ್ಲಿರುವ ಗಂಡು ಎಷ್ಟು, ಹೆಣ್ಣು ಎಷ್ಟು, ಬೇರೆ ಕಡೆ ಇರುವ ಗಂಡು ಎಷ್ಟು, ಹೆಣ್ಣು ಎಷ್ಟು, ಹುಟ್ಟಿ ತೀರಿಕೊಂಡವರು ಎಷ್ಟು ಎಂದು ಒಂದೊಂದಾಗಿ ಕೇಳಬೇಕು. ‘ಬೇರೆ ಕಡೆ’ ಎಂದಾಗ ಆಕೆ, ‘ಕೊಟ್ಟ ಮಗಳನ್ನೂ ಬರಕೋತೀರೇನು?’ ಎಂದು ಆಶ್ಚರ್ಯಪಟ್ಟರು. ‘ತೀರಿಕೊಂಡವರು’ ಎಂದಾಗ ಮೊರ ಆಡಿಸುತ್ತಿದ್ದ ಕೈ ನಿಂತಿತು. ಉತ್ತರ ಬಂದದ್ದು ಒಳಗಿನಿಂದ, ಅತ್ತೆಯಿಂದ: ‘ಐದು ಹಡದಾಳ್ರೀ, ಒಂದು ದಕ್ಕಲಿಲ್ಲ.’ ಮೂರು ಐದಾದದ್ದು ಹೀಗೆ. ಪಂಕ್ತಿಯಲ್ಲಿ ಕುಳಿತು ನಾವು ಹಗುರವಾಗಿ ಆಡಿಕೊಳ್ಳುವ ದಶಮಾಂಶದ ಒಳಗೆ ಇಂಥ ಲಕ್ಷಾಂತರ ಸಂಜೆಗಳಿವೆ ಎಂಬುದು ನನಗೆ ಅಂದಿನಿಂದ ಮರೆತಿಲ್ಲ.

ಈಗ ನಿಮ್ಮ ಅಣ್ಣನವರ ಬಸ್ಸಿಗೆ ಬರೋಣ. ಬಸ್ಸಿನಲ್ಲಿ ಜಾಗವಿಲ್ಲ ಎಂಬುದೂ ನಿಜ, 1.7 ಎಂಬುದೂ ನಿಜ. ಕರ್ನಾಟಕದ ಜನಸಂಖ್ಯೆ 2001ರಲ್ಲಿ 5.29 ಕೋಟಿಯಿತ್ತು, 2011ರಲ್ಲಿ 6.11 ಕೋಟಿಯಾಯಿತು. ಈ ಹತ್ತು ವರ್ಷಗಳಲ್ಲಿ ಶೇ 15.6ರಷ್ಟು ಹೆಚ್ಚಳ, ಅದೂ ದರ 2.1ಕ್ಕೆ ಬಂದು ಮುಟ್ಟಿದ ದಶಕದಲ್ಲೇ. ಇದು ಹೇಗೆಂದು ತಿಳಿಯಲು ಒಂದು ಹಳೆಯ ಮನೆ ಸಾಕು. ಅಜ್ಜಿಗೆ ಆರು ಮಕ್ಕಳು, ಅವರಲ್ಲಿ ಮೂವರು ಹೆಣ್ಣು. ಆ ಮೂವರೂ ‘ನಾವಿಬ್ಬರು, ನಮಗಿಬ್ಬರು’ ಎಂಬ ಗೋಡೆಬರಹವನ್ನು ನಂಬಿ ಎರಡೆರಡು ಹೆತ್ತು ನಿಲ್ಲಿಸಿದರು. ಒಬ್ಬೊಬ್ಬರ ಲೆಕ್ಕದಲ್ಲಿ ಆರು ಎಂಬುದು ಎರಡಾಯಿತು, ಆದರೆ ಮನೆಯ ತೊಟ್ಟಿಲು ತೂಗಿದ್ದು ಮತ್ತೆ ಆರು ಸಲವೇ. ಆ ಹೊತ್ತಿಗೆ ಅಜ್ಜಿ ಇನ್ನೂ ಇದ್ದಾರೆ, ಮೊದಲಿಗಿಂತ ಹೆಚ್ಚು ಕಾಲ ಇರುತ್ತಾರೆ. ತೊಟ್ಟಿಲ ಎಣಿಕೆ ನಿಜವಾಗಿ ಇಳಿಯುವುದು ಆರು ಮೊಮ್ಮಕ್ಕಳಲ್ಲಿ ಮೂವರು ಹುಡುಗಿಯರು ದೊಡ್ಡವರಾಗಿ ಸರಾಸರಿ 1.7 ಹೆತ್ತಾಗ; ಆಗಲೂ ಆರು ಎಂಬುದು ಐದಾಗುತ್ತದೆ ಅಷ್ಟೆ. ನಮ್ಮ ರಾಜ್ಯ ಈಗ ಹೆಚ್ಚುಕಡಿಮೆ ಈ ಮೂರನೆಯ ಮೆಟ್ಟಿಲಲ್ಲಿದೆ. ಇದರ ಮೇಲೆ ಬೆಂಗಳೂರಿಗೆ ಹೊರಗಿನಿಂದ ಬಂದು ನೆಲೆಸುವವರನ್ನೂ, ಹಳ್ಳಿಯಿಂದ ಪೇಟೆಗೆ ದಿನವೂ ಓಡಾಡುವವರನ್ನೂ ಸೇರಿಸಿದರೆ ಬಸ್ಸು ತುಂಬಿದ್ದಕ್ಕೆ ಹೆರಿಗೆ ಆಸ್ಪತ್ರೆಯನ್ನು ದೂರಬೇಕಾಗಿಲ್ಲ.

ಇಲ್ಲೇ ಇನ್ನೊಂದು ಗೊಂದಲವನ್ನು ತೀರಿಸಿಬಿಡುತ್ತೇನೆ. ಕೆಲವು ವರದಿಗಳು ‘ಸರಾಸರಿ ಕುಟುಂಬದ ಗಾತ್ರ 4.4’ ಎನ್ನುತ್ತವೆ, ಕೆಲವು ‘2.0’ ಎನ್ನುತ್ತವೆ, ಓದುಗರು ಎರಡರಲ್ಲಿ ಒಂದು ಸುಳ್ಳೆಂದು ತೀರ್ಮಾನಿಸುತ್ತಾರೆ. ಮೊದಲನೆಯದು ಒಂದೇ ಒಲೆಯಲ್ಲಿ ಉಣ್ಣುವವರ ಎಣಿಕೆ, ಅದರಲ್ಲಿ ಅತ್ತೆ ಮಾವ ಮೈದುನ ಎಲ್ಲರೂ ಇರುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗಿ ಒಂದು ಮನೆ ಎರಡಾದರೆ ಒಂದು ಮಗುವೂ ಕಡಿಮೆ ಹುಟ್ಟದೆ ಆ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು ಹೆರಿಗೆಯ ಎಣಿಕೆ. ಮೂರನೆಯದಾದ ಜನನ ಪ್ರಮಾಣ ಸಾವಿರ ಜನರಿಗೆ ಎಷ್ಟು ಜನನ ಎಂಬುದು. ಊರಿನಲ್ಲಿ ಹರೆಯದವರು ಹೆಚ್ಚಿದ್ದರೆ ಅದು ಹೆಚ್ಚು, ಮುದುಕರೇ ಉಳಿದಿದ್ದರೆ ಕಡಿಮೆ. ಮೂರನ್ನೂ ‘ಜನನ ದರ’ ಎಂಬ ಒಂದೇ ಹೆಸರಿನಿಂದ ಕರೆಯುವ ವರದಿಗಾರರ ಅಭ್ಯಾಸದಿಂದ ನನಗೆ ಬರುವ ಪತ್ರಗಳು ದುಪ್ಪಟ್ಟಾಗಿವೆ.

ಭಾವಮೈದನವರ ಮಾತು ನಾಲ್ಕರಲ್ಲಿ ಅತಿ ಹೆಚ್ಚು ಕೇಳಿಬರುವಂಥದು, ಅಂಕಿಯಿಂದ ಅತಿ ಸುಲಭವಾಗಿ ಪರೀಕ್ಷಿಸಬಹುದಾದದ್ದೂ ಹೌದು. 1992–93ರಲ್ಲಿ ಹಿಂದೂ ಮಹಿಳೆಯರ ದರ 3.3, ಮುಸ್ಲಿಂ ಮಹಿಳೆಯರದು 4.4. 2019–21ರಲ್ಲಿ ಅವು ಕ್ರಮವಾಗಿ 1.94 ಮತ್ತು 2.36. ‘ಅವರು ಮಾಡಿಕೊಳ್ಳಲಿಲ್ಲ’ ಎಂಬುದು ಹಾಗಾಗಿ ನಿಲ್ಲುವುದಿಲ್ಲ: ಇಳಿಕೆ ಮುಸ್ಲಿಮರಲ್ಲೇ ಹೆಚ್ಚು ಕಡಿದಾಗಿದೆ, ಇಬ್ಬರ ನಡುವಿನ ಅಂತರ ಒಂದು ಮಗುವಿಗಿಂತ ಹೆಚ್ಚಿದ್ದದ್ದು ಅರ್ಧ ಮಗುವಿಗಿಂತ ಕಡಿಮೆಯಾಗಿದೆ. ಅಂತರ ಇನ್ನೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಮಹಿಳೆಯರ ದರ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರದು 1.8. ಅತಿ ಬಡ ಮನೆಗಳಲ್ಲಿ 2.6, ಅತಿ ಅನುಕೂಲಸ್ಥ ಮನೆಗಳಲ್ಲಿ 1.6. ಓದಿನ ಮತ್ತು ಬಡತನದ ಅಂತರಗಳು ಧರ್ಮದ ಅಂತರಕ್ಕಿಂತ ದೊಡ್ಡವು. ಬಿಹಾರದ ಹಿಂದೂ ಮಹಿಳೆಯರ ದರ ಕೇರಳದ ಮುಸ್ಲಿಂ ಮಹಿಳೆಯರ ದರಕ್ಕಿಂತ ಹೆಚ್ಚು. ನಮ್ಮಲ್ಲೂ ಯಾದಗಿರಿ, ರಾಯಚೂರು, ಕಲಬುರಗಿಗಳ ಹೆಣ್ಣುಮಕ್ಕಳಿಗೂ ಉಡುಪಿ, ಕೊಡಗು, ಹಾಸನದವರಿಗೂ ನಡುವೆ ವ್ಯತ್ಯಾಸವಿದೆ, ಆ ವ್ಯತ್ಯಾಸ ಎಲ್ಲ ಜಾತಿ ಧರ್ಮಗಳ ಒಳಗೂ ಕಾಣುತ್ತದೆ. ಆದರೂ ಇಷ್ಟು ಹೇಳಿದ ಮೇಲೆ ಭಾವಮೈದನವರು ಒಪ್ಪುತ್ತಾರೆಂಬ ಭರವಸೆ ನನಗಿಲ್ಲ. ಈ ವಿಷಯದಲ್ಲಿ ಅಂಕಿಗಿಂತ ಮೊದಲೇ ತೀರ್ಪು ಬಂದಿರುತ್ತದೆ, ಅಂಕಿಯನ್ನು ಸಾಕ್ಷಿಗೆ ಮಾತ್ರ ಕರೆದಿರುತ್ತಾರೆ.

ಮಗನ ಆತಂಕಕ್ಕೆ ಹೆಚ್ಚು ಗಟ್ಟಿಯಾದ ಆಧಾರವಿದೆ. ಲೋಕಸಭಾ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವುದು ಜನಸಂಖ್ಯೆಯ ಲೆಕ್ಕದಲ್ಲಿ. ಕುಟುಂಬ ಯೋಜನೆಯಲ್ಲಿ ಮುಂದಿರುವ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ ಸಂವಿಧಾನದ 42ನೇ ತಿದ್ದುಪಡಿಯಲ್ಲಿ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಲಾಯಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಈ ಗಡುವು ಹತ್ತಿರವಾದಂತೆ ಸರಾಸರಿಯ ಅಂಕಿಗೆ ಬರುವ ಪ್ರತಿಕ್ರಿಯೆಯ ಸ್ವರವೇ ಬದಲಾಯಿತು. 2024ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಬೇಕೆಂದು ಕರೆ ಕೊಟ್ಟರು; ಕೆಲವೇ ದಿನಗಳಲ್ಲಿ ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಸ್ಟಾಲಿನ್ ಸಾಮೂಹಿಕ ವಿವಾಹವೊಂದರಲ್ಲಿ ಹದಿನಾರು ಬಗೆಯ ಸಂಪತ್ತು ಪಡೆಯಿರಿ ಎಂಬ ಹಳೆಯ ತಮಿಳು ಹಾರೈಕೆಯನ್ನು ಮಕ್ಕಳ ಸಂಖ್ಯೆಗೆ ತಿರುಗಿಸಿ ಸೀಟುಗಳ ಮಾತೆತ್ತಿದರು; ಡಿಸೆಂಬರಿನಲ್ಲಿ ನಾಗಪುರದಲ್ಲಿ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್ 2.1ನ್ನು ಹೆಸರಿಸಿಯೇ ಮೂರು ಮಕ್ಕಳ ಮಾತನ್ನಾಡಿದರು. ರಾಜಕೀಯದಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಮೂವರು ಒಂದೇ ಅಂಕಿಯನ್ನು ಹಿಡಿದು ಹೆಚ್ಚುಕಡಿಮೆ ಒಂದೇ ಸಲಹೆಗೆ ಬಂದದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು.

ಕರ್ನಾಟಕದ ಮಟ್ಟಿಗೆ ಲೆಕ್ಕ ಹೀಗಿದೆ. 1971ರಲ್ಲಿ ದೇಶದ 54.8 ಕೋಟಿಯಲ್ಲಿ ನಾವು 2.93 ಕೋಟಿ, ಅಂದರೆ ಶೇ 5.3. 2011ರಲ್ಲಿ 121 ಕೋಟಿಯಲ್ಲಿ 6.11 ಕೋಟಿ, ಶೇ 5.05. ಲೋಕಸಭೆಯ 543ರಲ್ಲಿ ನಮ್ಮ 28 ಎಂದರೆ ಶೇ 5.16. ನಾವು ಕಳೆದುಕೊಂಡ ಪಾಲು ಬಹಳ ಸಣ್ಣದು. ಕೇರಳದ ಪಾಲು ಇದೇ ಅವಧಿಯಲ್ಲಿ ಶೇ 3.9ರಿಂದ 2.8ಕ್ಕೆ, ತಮಿಳುನಾಡಿನದು 7.5ರಿಂದ 6ಕ್ಕೆ ಇಳಿದಿದೆ. ಅವರ ಸಿಟ್ಟಿನ ಬಿಸಿ ನಮಗಿಂತ ಹೆಚ್ಚಿರುವುದು ಸಹಜ. ಈ ಅನ್ಯಾಯದ ಭಾವನೆ ನ್ಯಾಯವಾದದ್ದೇ ಎಂದು ನಾನೂ ಒಪ್ಪುತ್ತೇನೆ. ಆದರೆ ಅದರ ಪರಿಹಾರ ಸಂಸತ್ತಿನಲ್ಲಿ ಚರ್ಚೆಯಾಗಬೇಕಾದ ಹಂಚಿಕೆಯ ಸೂತ್ರದಲ್ಲಿದೆ. ಇಂದು ಹುಟ್ಟಿದ ಮಗು ಮತ ಹಾಕಲು ಹದಿನೆಂಟು ವರ್ಷ ಬೇಕು. ಅದನ್ನು ಹೊತ್ತು ಹೆತ್ತು ಸಾಕುವವರು ಸೀಟಿನ ಲೆಕ್ಕಕ್ಕಾಗಿ ಸಾಕುವುದಿಲ್ಲ.

ಇಲ್ಲಿಗೆ ಸೊಸೆಯವರ ಮೌನದ ಹತ್ತಿರ ಬಂದೆವು. ಸರ್ಕಾರ ಹೆರಿಗೆಯ ಸಂಖ್ಯೆಯ ಬಗ್ಗೆ ಆಸಕ್ತಿ ವಹಿಸುವುದು ನಮ್ಮ ನಾಡಿಗೆ ಹಳೆಯ ವಿಷಯ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಅವು ಜಗತ್ತಿಗೇ ಮೊದಲಿನವೆಂದು ಪರಿಗಣಿತವಾಗಿವೆ. ಕೇಳಿಕೊಂಡು ಬಂದವರಿಗೆ ನೆರವಾಗುವುದು ಅಲ್ಲಿನ ಉದ್ದೇಶ. 1952ರಲ್ಲಿ ಕುಟುಂಬ ಯೋಜನೆಯ ರಾಷ್ಟ್ರೀಯ ಕಾರ್ಯಕ್ರಮ ಬಂತು, ಆಮೇಲೆ ಅದರ ಗುರುತಾದ ಕೆಂಪು ತ್ರಿಕೋನ ಬಂತು, ನಮ್ಮಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಸೊಗಸಾದ ಘೋಷಣೆ ಬಂತು. ಸೊಗಸೇನೋ ಹೌದು, ಆದರೆ ಅದನ್ನು ನಿಧಾನವಾಗಿ ಓದಿ ನೋಡಿ: ಹುಟ್ಟಬೇಕಾದ ಮಕ್ಕಳ ಸಂಖ್ಯೆಯ ಜೊತೆಗೆ ಮಗಳಿಗೆ ಆರತಿ, ಮಗನಿಗೆ ಕೀರ್ತಿ ಎಂಬ ಹಂಚಿಕೆಯೂ ಅದರಲ್ಲಿದೆ. ಆಮೇಲೆ ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಬಹುಪಾಲು ಗಂಡಸರಿಗೆ. ಮತದಾರರು 1977ರಲ್ಲಿ ಉತ್ತರ ಕೊಟ್ಟರು, ‘ಕುಟುಂಬ ಯೋಜನೆ’ ಎಂಬ ಹೆಸರು ‘ಕುಟುಂಬ ಕಲ್ಯಾಣ’ವಾಯಿತು, ಗಂಡಸರು ಆಪರೇಷನ್ ಮೇಜಿನಿಂದ ಎದ್ದು ಹೋದವರು ಮತ್ತೆ ಮರಳಲಿಲ್ಲ. 2019–21ರ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರೆ, ಗಂಡನಿಗೆ ಆಪರೇಷನ್ ಆದವರು ಶೇ 0.3. ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿವಾಹಿತೆಯರಿಗೆ ಆಪರೇಷನ್ ಆಗಿದೆ. ನೀವು ಓದಿದ 1.7ನ್ನು ಮೈಮೇಲೆ ಹೊತ್ತವರು ಯಾರೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಕಡಿಮೆ ಮಾಡಿ ಎಂಬ ಕರೆ ಹೆಚ್ಚು ಮಾಡಿ ಎಂದು ತಿರುಗಿದಾಗ ಏನಾಗುತ್ತದೆಂಬುದನ್ನು ಜಪಾನ್ ಮತ್ತು ದಕ್ಷಿಣ ಕೊರಿಯಾ ನಮಗಿಂತ ಮೊದಲೇ ಕಂಡಿವೆ. ಜಪಾನಿನ ಪಂಚಾಂಗದಲ್ಲಿ ಅರವತ್ತು ವರ್ಷಕ್ಕೊಮ್ಮೆ ‘ಬೆಂಕಿ ಕುದುರೆ’ಯ ಸಂವತ್ಸರ ಬರುತ್ತದೆ, ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಎಂಬ ನಂಬಿಕೆಯಿಂದ 1966ರಲ್ಲಿ ಅಲ್ಲಿನ ದರ 2.14ರಿಂದ 1.58ಕ್ಕೆ ಬಿದ್ದು, ಮರುವರ್ಷವೇ 2.23ಕ್ಕೆ ಎದ್ದಿತು. ಮೂಲಾ ನಕ್ಷತ್ರದ ಹುಡುಗಿಯ ಜಾತಕ ತಿರುಗಿಸುವ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂಬಿಕೆಯಿಂದ ಬಿದ್ದ ಆ 1.58 ಅತಿ ಕೆಳಗಿನ ಅಂಕಿ ಎಂದುಕೊಂಡಿದ್ದ ಜಪಾನಿಗರಿಗೆ, ಯಾವ ಅಪಶಕುನವೂ ಇಲ್ಲದ 1989ರಲ್ಲಿ ದರ 1.57 ಆಯಿತೆಂಬುದು ಮರುವರ್ಷ ತಿಳಿದಾಗ ದೇಶವೇ ಬೆಚ್ಚಿತು. ಆ ಘಟನೆಗೆ ‘1.57ರ ಆಘಾತ’ ಎಂದೇ ಹೆಸರು ಬಿದ್ದಿದೆ. 2007ರಲ್ಲಿ ಅಲ್ಲಿನ ಆರೋಗ್ಯ ಮಂತ್ರಿ ಭಾಷಣವೊಂದರಲ್ಲಿ ಮಹಿಳೆಯರನ್ನು ‘ಹೆರುವ ಯಂತ್ರ’ಗಳೆಂದು ಕರೆದು ಕ್ಷಮೆ ಕೇಳಬೇಕಾಯಿತು. ನನ್ನ ತೆಂಗಿನ ಮರದ ಬಗ್ಗೆ ಅಳುಕಿದ್ದು ಈ ಕಾರಣಕ್ಕೆ. ದಕ್ಷಿಣ ಕೊರಿಯಾದ ಸರ್ಕಾರ 2016ರ ಕೊನೆಯಲ್ಲಿ ಯಾವ ಊರಿನಲ್ಲಿ ಹೆರುವ ವಯಸ್ಸಿನ ಮಹಿಳೆಯರು ಎಷ್ಟಿದ್ದಾರೆಂದು ಗುಲಾಬಿ ಬಣ್ಣದ ನಕ್ಷೆಯಲ್ಲಿ ತೋರಿಸಿತು. ‘ನಾವೇನು ದನಕರುಗಳೇ’ ಎಂಬ ಧಾಟಿಯ ಆಕ್ರೋಶ ಎದ್ದು ನಕ್ಷೆಯನ್ನು ತೆಗೆಯಬೇಕಾಯಿತು. ಅಲ್ಲಿನ ದರ 2023ರಲ್ಲಿ 0.72ಕ್ಕೆ ಇಳಿಯಿತು. ಕರೆ ಕೊಟ್ಟಷ್ಟಕ್ಕೆ ತೊಟ್ಟಿಲು ತುಂಬುವುದಾಗಿದ್ದರೆ ಇಷ್ಟು ಹೊತ್ತಿಗೆ ತುಂಬಿರಬೇಕಿತ್ತು.

ನಿಮ್ಮ ಮೂರನೆಯ ಪ್ರಶ್ನೆ, ಅಂಕಿಯ ಅರ್ಥವೇನು ಎಂಬುದಕ್ಕೆ ಸಂಬಂಧಿಸಿ 2.1ರ ಬಗ್ಗೆ ಒಂದು ಮಾತು. ತಂದೆತಾಯಿ ಇಬ್ಬರ ಜಾಗಕ್ಕೆ ಇಬ್ಬರು ಬರಬೇಕು. ನೂರು ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುವುದರಿಂದ, ಹುಟ್ಟಿದವರಲ್ಲಿ ಕೆಲವರು ದೊಡ್ಡವರಾಗುವ ಮೊದಲೇ ತೀರಿಕೊಳ್ಳುವುದರಿಂದ ಆ ಹೆಚ್ಚಿನ 0.1. ಯಾದಗಿರಿಯ ಆ ತಾಯಿಯ ಮಗುವಿನಂತೆ ‘ದಕ್ಕದೆ’ ಹೋಗುವ ಮಕ್ಕಳು ಹೆಚ್ಚಿರುವಲ್ಲಿ ಈ ಸಂಖ್ಯೆಯೂ ಹೆಚ್ಚಿರಬೇಕಾಗುತ್ತದೆ. ಅದು ಗಣಿತದ ಗೆರೆ, ಯಾರೂ ಕಟ್ಟಬೇಕಾದ ಕಂದಾಯವಲ್ಲ. ಗೆರೆಯ ಕೆಳಗೆ ದೀರ್ಘಕಾಲ ಇದ್ದರೆ ವೃದ್ಧರ ಪಾಲು ಹೆಚ್ಚುತ್ತದೆ ಎಂಬುದು ನಿಜ. ಆದ್ದರಿಂದ ಪಿಂಚಣಿ, ಹಳ್ಳಿಗಳಲ್ಲಿ ವೃದ್ಧರ ಆರೈಕೆ, ದುಡಿಯುವ ತಾಯಂದಿರಿಗೆ ಮಗುವನ್ನು ಬಿಟ್ಟು ಹೋಗಲು ನಂಬಿಕೆಯ ಜಾಗ, ಇವುಗಳ ಬಗ್ಗೆ ಈಗಲೇ ಯೋಚಿಸಬೇಕು. ನಿಮ್ಮ ಕಡೆ ಮುಚ್ಚುತ್ತಿರುವ ಸರ್ಕಾರಿ ಶಾಲೆಗಳನ್ನು ಮಾತ್ರ ಈ ಖಾತೆಗೆ ಪೂರ್ತಿಯಾಗಿ ಬರೆಯಬೇಡಿ. ಮಕ್ಕಳು ಕಡಿಮೆಯಾದದ್ದು ಒಂದು ಕಾರಣ, ಇದ್ದ ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋದದ್ದು ಇನ್ನೊಂದು, ನಿಮಗದು ನನಗಿಂತ ಚೆನ್ನಾಗಿ ಗೊತ್ತು.

ಮುಂದೂಡಲ್ಪಟ್ಟಿದ್ದ ಜನಗಣತಿಗೆ 2027ರ ಮಾರ್ಚ್ 1 ಎಣಿಕೆಯ ದಿನವೆಂದು ಪ್ರಕಟವಾಗಿದೆ. 2011ರ ಗಣತಿಯಲ್ಲಿ ವಿವಾಹಿತ ಮಹಿಳೆಯರಿಗೆ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು, ಕಳೆದ ಒಂದು ವರ್ಷದಲ್ಲಿ ಹುಟ್ಟಿದವರೆಷ್ಟು ಎಂಬ ಪ್ರಶ್ನೆಗಳಿದ್ದವು. ಅಂಥ ಪ್ರಶ್ನೆ ಹಿಡಿದು ಗಣತಿದಾರರು ನಿಮ್ಮ ಜಗಲಿಗೆ ಬಂದಾಗ ಮನೆಯ ಯಜಮಾನರಾಗಿ ಉತ್ತರ ಕೊಡುವುದು ನೀವೇ ಇರಬಹುದು. ಆ ಒಂದು ಪ್ರಶ್ನೆಗೆ ಮಾತ್ರ ಸೊಸೆಯನ್ನು ಹೊರಗೆ ಕರೆಯಿರಿ, ಅವರೇ ಹೇಳಲಿ.